ಟವಲಿನ ಕೆಳಗೆ ಮೂವತ್ತು

ಚಿಂತಾಮಣಿಯ ದನದ ಸಂತೆಯಲ್ಲಿ ಆವುಲಪ್ಪನ ಬಲಗೈಗೆ ಇದ್ದ ಮರ್ಯಾದೆ ಆವುಲಪ್ಪನಿಗೇ ಇರಲಿಲ್ಲ. ಅವನ ಬಾಯಿ ಸುಳ್ಳು ಹೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುದಿ ಎತ್ತನ್ನು ಈಗ ತಾನೇ ಹಲ್ಲು ತುಂಬಿ ಬಾಯಿಗೂಡಿದ್ದು ಎನ್ನುತ್ತಿದ್ದ, ಕುಂಟುವ ಎತ್ತನ್ನು ದೂರದಿಂದ ನಡೆದು ಬಂದು ಸುಸ್ತಾಗಿದೆ ಎನ್ನುತ್ತಿದ್ದ. ಆದರೆ ಹೆಗಲ ಮೇಲಿನ ಟವಲು ತೆಗೆದು ಎದುರಿನವನ ಕೈ ಮೇಲೆ ಹಾಸಿ, ಅದರ ಕೆಳಗೆ ತನ್ನ ಕೈ ತೂರಿಸಿದನೆಂದರೆ ಆ ಕೈ ಒಂದೇ ಒಂದು ಸಲವೂ ತಪ್ಪಿದ್ದಿಲ್ಲ. ಅಂಗೈ ಮೇಲೆ ಎರಡು ಸಲ ಕುಟ್ಟಿದರೆ 'ಎಷ್ಟು' ಎಂದು ಕೇಳಿದ ಹಾಗೆ. ಎಷ್ಟು ಬೆರಳು ಹಿಡಿದರೆ ಅಷ್ಟು ಲೆಕ್ಕ. ಹಿಡಿದು ಗೆಣ್ಣಿನ ಮೇಲೆ ಹೆಬ್ಬೆರಳು ಒತ್ತಿದರೆ ಅದರ ಹತ್ತರಷ್ಟು. ಒಮ್ಮೆ ಕೈ ಕೊಟ್ಟ ಮೇಲೆ ಅದನ್ನು ಬಾಯಲ್ಲಿ ಇನ್ನೊಂದು ಸಲ ಕೇಳುವುದು ದಲ್ಲಾಳಿಗೆ ನಾಚಿಕೆಗೇಡು.

ಇಂಥ ಮನುಷ್ಯನ ಹೆಂಡತಿ ಓಬಳಮ್ಮನಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣು ಹೋಗಿ ಎರಡು ವರ್ಷವಾಗಿತ್ತು. ಎಡಗಣ್ಣಿಗೆ ಮನುಷ್ಯನೂ ಕಂಬವೂ ಒಂದೇ ಥರ ಕಾಣುತ್ತಿದ್ದವು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ಹಸುವನ್ನು ಬೀಗಿತ್ತಿ ಎಂದುಕೊಂಡು, "ಒಳಗ್ ಬಾರಮ್ಮ, ಯಾವಾಗ್ ಬಂದೆ" ಎಂದು ಕರೆದಳು. ಆವುಲಪ್ಪ ಅದನ್ನು ಸಂತೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ. ಸುದ್ದಿ ಮನೆಗೆ ತಲುಪಿತು. ಎರಡು ದಿನ ಓಬಳಮ್ಮ ಮಾತಾಡಲಿಲ್ಲ. ಮೂರನೆಯ ದಿನ ಮುದ್ದೆ ಬಡಿಸುತ್ತಾ, "ನಾಳೆ ಒಲೆ ಅಂತ ನಿನ್ ಪಂಚೆಗ್ ಬೆಂಕಿ ಇಕ್ತೀನಿ, ಅದ್ನೂ ಹೋಗಿ ಸಂತೇಲಿ ಹೇಳು" ಎಂದಳು. ಅವತ್ತಿನಿಂದ ಆವುಲಪ್ಪನ ತಲೆಯಲ್ಲಿ ಇದ್ದದ್ದು ಒಂದೇ: ಇವಳ ಕಣ್ಣು ಮಾಡಿಸಬೇಕು.

ಎಂಬತ್ತೇಳನೆಯ ಇಸವಿಯ ನವೆಂಬರಿನಲ್ಲಿ ಒಂದು ಸಂತೆಯ ದಿನ ಬಿಳಿ ಫಿಯೆಟ್ ಕಾರೊಂದು ಹುಣಸೆಮರದ ಕೆಳಗೆ ಬಂದು ನಿಂತಿತು. ಇಳಿದವರು ಇಬ್ಬರು. ಒಬ್ಬರು ಚಿಕ್ಕಬಳ್ಳಾಪುರದ ವಕೀಲ ವೆಂಕಟೇಶಮೂರ್ತಿ, ಇನ್ನೊಬ್ಬರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಖಲೀಮುಲ್ಲಾ. ದನಗಳ ನಡುವೆ ಬೂಟು ಕಾಪಾಡಿಕೊಳ್ಳುತ್ತಾ ನೇರವಾಗಿ ಆವುಲಪ್ಪನ ಬಳಿಗೇ ಬಂದರು.

"ನಾವು ಲಾಡ್ಜ್ ಉದಯಗಿರಿ ಕಡೆಯೋರು. ಫ್ರೀಮೇಸನ್ಸ್," ಎಂದರು ವೆಂಕಟೇಶಮೂರ್ತಿ.

"ಲಾಡ್ಜಾ? ಊಟಾನೂ ಐತಾ ಸಾಮಿ, ಇಲ್ಲ ಬರೀ ರೂಮಾ?"

ಖಲೀಮುಲ್ಲಾ ನಕ್ಕರು. "ಆ ಲಾಡ್ಜ್ ಅಲ್ಲ ಆವುಲಪ್ಪ. ರೂಮು ಗೀಮು ಏನೂ ಇಲ್ಲ. ಇದೊಂದು ಸಂಘ. ಎಲ್ಲಾ ಜಾತಿಯೋರು, ಎಲ್ಲಾ ಮಜಹಬ್‌ನೋರು ಸೇರ್ತೀವಿ, ಒಟ್ಟಿಗೆ ಊಟಕ್ಕೆ ಕೂತ್ಕೋತೀವಿ, ಬಡವರಿಗೆ ಕೈಲಾದ್ದು ಮಾಡ್ತೀವಿ. ಇವ್ರು ಈ ವರ್ಷದ ಮಾಸ್ಟರು. ನಾನು ಕಾರ್ಯದರ್ಶಿ."

"ಮೇಸನ್ ಅಂದ್ರೆ ಗಾರೆ ಕೆಲಸ್ದೋರಲ್ವಾ?" ಆವುಲಪ್ಪ ವಕೀಲರ ಕೈ ನೋಡಿದ. "ಈ ಕೈ ಸುಣ್ಣ ಮುಟ್ಟಿದಂಗಿಲ್ಲ. ಫ್ರೀ ಮೇಸನ್ನು ಅಂದ್ರೆ ಕೂಲಿ ಇಲ್ದೆ ಗಾರೆ ಮಾಡೋರಾ?"

"ಹಂಗೇ ಅಂದ್ಕೋ. ಕೂಲಿ ಇಲ್ದೇ ಕಣ್ಣು ಮಾಡಿಸ್ತೀವಿ," ಎಂದರು ಖಲೀಮುಲ್ಲಾ.

ಕಣ್ಣು ಎಂಬ ಮಾತು ಕೇಳಿದ್ದೇ ಆವುಲಪ್ಪನ ತಮಾಷೆ ನಿಂತಿತು. ಡಿಸೆಂಬರ್ ಎರಡನೇ ಶನಿವಾರ ಚಿಕ್ಕಬಳ್ಳಾಪುರದ ಛತ್ರದಲ್ಲಿ ಕ್ಯಾಂಪು. ಬೆಂಗಳೂರಿನಿಂದ ಡಾಕ್ಟರು ಬರುತ್ತಾರೆ, ಅವರೂ ಲಾಡ್ಜಿನವರೇ. ಪೊರೆ ತೆಗೆಯುವುದು, ಊಟ, ಔಷಧಿ, ಕನ್ನಡಕ ಎಲ್ಲವೂ ಲಾಡ್ಜಿನದು. ಮುರುಗಮಲ್ಲದಿಂದ ಆಂಧ್ರದ ಗಡಿಯವರೆಗೆ ಆವುಲಪ್ಪ ಕಾಲಿಡದ ಹಟ್ಟಿಯಿಲ್ಲ ಎಂದು ಯಾರೋ ಹೇಳಿದ್ದರು. ಚಿಂತಾಮಣಿ ಕಡೆಯ ಜನರನ್ನು ಅವನೇ ಕರೆತರಬೇಕು.

ಅಷ್ಟರಲ್ಲಿ ಪರಿಚಯದ ರೈತನೊಬ್ಬ ಖಲೀಮುಲ್ಲಾರನ್ನು ಪಕ್ಕಕ್ಕೆ ಕರೆದು ರೇಷ್ಮೆಗೂಡಿನ ರೇಟು ಕೇಳತೊಡಗಿದ. ಆವುಲಪ್ಪ ಅಭ್ಯಾಸಬಲದಿಂದ ಟವಲು ತೆಗೆದು ವಕೀಲರ ಕೈ ಮೇಲೆ ಹಾಸಿದ. ಕೆಳಗೆ ಕೈ ಹಿಡಿದು ಅಂಗೈ ಮೇಲೆ ಎರಡು ಸಲ ಕುಟ್ಟಿದ. ಎಷ್ಟು ಜನ?

ವೆಂಕಟೇಶಮೂರ್ತಿಯವರ ಮುಖ ಒಮ್ಮೆಗೇ ಬದಲಾಯಿತು. ಹುಬ್ಬು ಮೇಲೇರಿತು. ರುಮಾಲಿನಿಂದ ಹಿಡಿದು ಸಗಣಿ ಮೆತ್ತಿದ ಚಪ್ಪಲಿಯವರೆಗೆ ಆವುಲಪ್ಪನನ್ನು ಹೊಸದಾಗಿ ನೋಡಿದರು. ಆಮೇಲೆ ಅವರ ಬೆರಳುಗಳು ಮೆಲ್ಲಗೆ ಆವುಲಪ್ಪನ ಮೂರು ಬೆರಳುಗಳನ್ನು ಸುತ್ತಿದವು. ಹೆಬ್ಬೆರಳು ಗೆಣ್ಣಿನ ಮೇಲೆ ಗಟ್ಟಿಯಾಗಿ ಒತ್ತಿತು.

ಮೂವತ್ತು.

ಆವುಲಪ್ಪ ಮನಸ್ಸಿನಲ್ಲೇ ಇನ್ನೊಮ್ಮೆ ಎಣಿಸಿದ. ಇವರೇನೋ ಎಂಟೋ ಹತ್ತೋ ಅನ್ನುತ್ತಾರೆ ಎಂದುಕೊಂಡಿದ್ದ. ಅದಕ್ಕಿಂತ ಆಶ್ಚರ್ಯ, ಇಸ್ತ್ರಿ ಪ್ಯಾಂಟಿನ ವಕೀಲನಿಗೆ ಸಂತೆಯ ಕೈ ಬರುತ್ತದಲ್ಲ ಎಂದು.

"ಇದು ನಿಮಗೆ ಹೆಂಗೆ ಗೊತ್ತು?" ವಕೀಲರು ತಗ್ಗಿದ ದನಿಯಲ್ಲಿ ಕೇಳಿದರು.

"ನಮ್ಮಪ್ಪ ಕಲ್ಸಿದ್ದು ಸಾಮಿ. ನಿಮಗೆ?"

"ಇಪ್ಪತ್ತು ವರ್ಷ ಆಯ್ತು. ಇದನ್ನೆಲ್ಲ ಬಾಯಲ್ಲಿ ಆಡಬಾರದು, ಅಲ್ವಾ?"

"ಬಾಯಲ್ಲಿ ಆಡೋದು ನಮ್ಮಲ್ಲೂ ಇಲ್ಲ ಸಾಮಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತೃಪ್ತಿಯಿಂದ ನಕ್ಕರು. ಖಲೀಮುಲ್ಲಾ ವಾಪಸು ಬರುವ ಹೊತ್ತಿಗೆ ಮಾತು ಮುಗಿದಿತ್ತು.

ಅವತ್ತು ಆವುಲಪ್ಪ ಒಂದು ಜೋಡಿ ಎತ್ತನ್ನೂ ಮಾರದೆ ಮನೆಗೆ ಓಡಿದ. "ಏಮೇ, ಲೇ, ಕಣ್ಣು ಬಂತು," ಎಂದು ಬಾಗಿಲಿನಿಂದಲೇ ಕೂಗಿದ.

"ಯಾವ ಹಸುಂದು?" ಎಂದಳು ಓಬಳಮ್ಮ.

ಮುಂದಿನ ಮೂರು ವಾರ ಅವನು ನಿಂತಲ್ಲಿ ನಿಲ್ಲಲಿಲ್ಲ. ಸೈಕಲ್ ತುಳಿದುಕೊಂಡು ಹಳ್ಳಿ ಹಳ್ಳಿ ಸುತ್ತಿದ. ಎತ್ತಿನ ಹಲ್ಲು ನೋಡುತ್ತಿದ್ದ ಮನುಷ್ಯ ಈಗ ಮುದುಕರ ರೆಪ್ಪೆ ಎತ್ತಿ ನೋಡತೊಡಗಿದ. ಮೊದಲು ಜನ ನಂಬಲಿಲ್ಲ. "ಲಾಡ್ಜಿಗೆ ಕರ್ಕೊಂಡ್ ಹೋಗ್ತೀನಿ ಅಂತೀಯ, ಅದೂ ಫ್ರೀಯಾಗಿ. ಏನ್ ಇಟ್ಕೊಂಡಿದೀಯ ಮನ್ಸಲ್ಲಿ?" ಎಂದು ಒಬ್ಬಳು ಮುದುಕಿ ಗದರಿದಳು. ಮುರುಗಮಲ್ಲದ ದರ್ಗಾದ ಮುಂದೆ ಹೂವು ಮಾರುವ ಜಾನ್ ಬೀ ಮಾತ್ರ ಒಂದೇ ಮಾತಿಗೆ ಒಪ್ಪಿದಳು. ಮಲ್ಲಿಗೆ ಯಾವುದು, ಕಾಕಡ ಯಾವುದು ಎಂದು ಮೂಸಿ ನೋಡಿ ಕಟ್ಟುವ ಸ್ಥಿತಿಗೆ ಅವಳು ಬಂದಿದ್ದಳು. ಅವಳು ಬರುತ್ತಾಳೆ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಹೆಸರು ಕೊಟ್ಟರು. ಶಾಲೆಯ ಮೇಷ್ಟರಿಂದ ಬರೆಸಿದ ಪಟ್ಟಿಯಲ್ಲಿ ಮೊದಲ ಹೆಸರು ಓಬಳಮ್ಮನದು, ಮೂವತ್ತನೆಯದು ಜಾನ್ ಬೀಯದು. ಮೂವತ್ತೊಂದನೆಯವನು ಬಂದಾಗ ಆವುಲಪ್ಪ, "ಮೂವತ್ತು ಅಂದ್ರೆ ಮೂವತ್ತೇ ಕಣಪ್ಪ, ಕೈ ಕೊಟ್ಟಾಗೈತೆ" ಎಂದು ಕಳಿಸಿಬಿಟ್ಟ.

ಬಸ್ಸಿನಲ್ಲಿ ಇಷ್ಟು ಜನರನ್ನು ಕರೆದೊಯ್ಯುವುದು ಆಗದ ಮಾತು. ದನ ಸಾಗಿಸುವ ಕೋನಪ್ಪ ತನ್ನ ಲಾರಿಯನ್ನು ಎರಡು ಸಲ ತೊಳೆದು ಹುಲ್ಲು ಹಾಸಿದ. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಲಾರಿ ಹೊರಟಿತು.

"ಎಷ್ಟ್ ತೊಳ್ದ್ರೂ ವಾಸ್ನೆ ಹೋಗಿಲ್ಲ ಕೋನಪ್ಪ," ಎಂದಳು ಜಾನ್ ಬೀ. "ಡಾಕ್ಟ್ರು ಕಣ್ಣು ಬಿಟ್ಟು ನಮ್ ಹಲ್ಲು ನೋಡ್ಬಿಟ್ಟಾರು."

"ನಿಂದು ನೋಡಕ್ಕೆ ಒಂದಾದ್ರೂ ಇರ್ಬೇಕಲ್ಲ ಜಾನ್ ಬೀ," ಎಂದಳು ಓಬಳಮ್ಮ.

ಲಾರಿಯಿಡೀ ನಕ್ಕಿತು. ಶಿಡ್ಲಘಟ್ಟ ದಾಟುವಾಗ ಬೇಯಿಸಿದ ರೇಷ್ಮೆಗೂಡಿನ ನಾತ ಬಂತು. ಕಾಣದಿದ್ದರೂ ಎಲ್ಲರೂ ಊರನ್ನು ಗುರುತು ಹಿಡಿದರು. ಆವುಲಪ್ಪ ಕ್ಯಾಬಿನ್ನಿನ ತಲೆಯ ಮೇಲೆ ಕೂತು, ಗಾಳಿಗೆ ಹಾರುವ ಟವಲನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಅವನ ಜನ್ಮದಲ್ಲಿ ಇಂಥ ಸರಕು ಇಳಿಸಲು ಹೋಗಿದ್ದಿಲ್ಲ.

ಛತ್ರದ ಮುಂದೆ ಬ್ಯಾನರು ಕಟ್ಟಿತ್ತು. ಗೌರಿಬಿದನೂರಿನವರು ಹತ್ತು ಜನ ನಗರಗೆರೆಯ ಬಸ್ಸಿನಲ್ಲಿ ಬಂದು ಆಗಲೇ ಸಾಲಾಗಿ ಕೂತಿದ್ದರು. ಚಿಕ್ಕಬಳ್ಳಾಪುರದವರು ಹತ್ತು, ಶಿಡ್ಲಘಟ್ಟದವರು ಹತ್ತು. ಕೋಟು ತೊಟ್ಟ ಲಾಡ್ಜಿನವರು ಕಾಫಿ ಲೋಟ ಹಿಡಿದುಕೊಂಡು ಓಡಾಡುತ್ತಿದ್ದರು. ಖಲೀಮುಲ್ಲಾ ಪಟ್ಟಿ ಹಿಡಿದು ಲಾರಿಯ ಹಿಂಬಾಗಿಲಿಗೆ ಬಂದರು. ಇಳಿಯುವವರನ್ನು ಎಣಿಸಿದರು. ಹತ್ತಾಯಿತು, ಹದಿನೈದಾಯಿತು. ಎಣಿಸುವುದನ್ನು ನಿಲ್ಲಿಸಿದರು.

"ಇದೇನು ಆವುಲಪ್ಪ, ಜೊತೆಗೆ ಬಂದೋರು ಇಷ್ಟು ಜನಾನಾ?"

"ಜೊತೆಗೆ ಬಂದೋರು ಯಾರೂ ಇಲ್ಲ ಸಾಹೇಬ್ರೇ. ಎಲ್ಲಾ ಕಣ್ಣಿನೋರೇ. ಮೂವತ್ತು."

"ಹತ್ತು ಕಣಪ್ಪ. ತಾಲೂಕಿಗೆ ಹತ್ತು. ನಲವತ್ತಕ್ಕೆ ಮಾತ್ರ ಡಾಕ್ಟರು ಒಪ್ಪಿರೋದು."

"ಮಾಸ್ಟ್ರು ಮೂವತ್ತು ಅಂದವ್ರೆ."

ಖಲೀಮುಲ್ಲಾ ವೆಂಕಟೇಶಮೂರ್ತಿಯವರನ್ನು ಕೂಗಿದರು. ಅವರು ನಗುತ್ತಾ ಬಂದರು. ಆವುಲಪ್ಪನನ್ನು ಕಂಡದ್ದೇ ಮುಖ ಅರಳಿತು. "ಬನ್ನಿ ಬ್ರದರ್," ಎಂದು ಕೈ ಹಿಡಿದು, ಸಂತೆಯಲ್ಲಿ ಮಾಡಿದಂತೆಯೇ ಮೂರು ಬೆರಳು ಸುತ್ತಿ ಗೆಣ್ಣು ಒತ್ತಿದರು.

"ನೋಡಿ ಸಾಹೇಬ್ರೇ, ಈಗ್ಲೂ ಮೂವತ್ತು ಅಂತಾವ್ರೆ," ಎಂದ ಆವುಲಪ್ಪ.

ವೆಂಕಟೇಶಮೂರ್ತಿ ಕೈಯನ್ನು ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದಕ್ಕೆ ಎಳೆದುಕೊಂಡರು. "ಏನು ಮೂವತ್ತು?"

"ಬ್ರದರ್ ಅಂದ್ರಲ್ಲ, ಇವ್ರು ಯಾವ ಲಾಡ್ಜು?" ಖಲೀಮುಲ್ಲಾ ಕೇಳಿದರು.

"ಹೆಸ್ರು ಗೊತ್ತಿಲ್ಲ ಸಾಹೇಬ್ರೇ," ಎಂದ ಆವುಲಪ್ಪ. "ದನ ತರಕ್ಕೆ ಮದನಪಲ್ಲಿಗೆ ಹೋದಾಗ ಬಸ್ ಸ್ಟ್ಯಾಂಡ್ ಹಿಂದ್ಗಡೆ ಒಂದ್ರಲ್ಲಿ ಮಲಗ್ತೀನಿ. ತಿಗಣೆ ಜಾಸ್ತಿ."

ಖಲೀಮುಲ್ಲಾ ಬಾಯಿಗೆ ಕೈ ಅಡ್ಡ ಹಿಡಿದರು. ವಕೀಲರು ಬೆವರಿದರು. ತೊದಲುತ್ತಾ ವಿಷಯ ಬಿಡಿಸಿದರು. ಟವಲಿನ ಕೆಳಗೆ ಅವನು ಕುಟ್ಟಿದ್ದನ್ನು ಅವರು ಲಾಡ್ಜಿನವರ ಗುರುತೆಂದುಕೊಂಡಿದ್ದರು. ಲಾಡ್ಜಿನವರಿಗೆ ಒಬ್ಬರನ್ನೊಬ್ಬರು ಗುರುತಿಸಲು ಒಂದು ಗುಟ್ಟಿನ ಕೈಹಿಡಿತ ಇದೆ. ಚಿಂತಾಮಣಿ ಸಂತೆಯಲ್ಲಿ ಒಬ್ಬ ಸೋದರ ಸಿಕ್ಕ ಎಂಬ ಸಂತೋಷದಲ್ಲಿ ಅದೇ ಹಿಡಿತವನ್ನು ವಾಪಸು ಕೊಟ್ಟಿದ್ದರು. ಹತ್ತೇ ಜನ ಎಂದು ಖಲೀಮುಲ್ಲಾ ಹೇಳಿರುತ್ತಾರೆ ಎಂದು ವಕೀಲರು, ವಕೀಲರು ಹೇಳಿರುತ್ತಾರೆ ಎಂದು ಖಲೀಮುಲ್ಲಾ ಅಂದುಕೊಂಡಿದ್ದರು.

"ಅಂದ್ರೆ ನಲವತ್ತು ವರ್ಷದಾಗೆ ಮೊದಲ್ನೇ ಸಲ ನನ್ ಕೈ ತಪ್ಪಾಯ್ತಾ?" ಆವುಲಪ್ಪ ಸುತ್ತ ನಿಂತ ಜನರ ಕಡೆಗೆ ತಿರುಗಿದ. "ನೀವೇ ನೋಡ್ರಪ್ಪ, ಇವ್ರು ಹಿಂಗ್ ಹಿಡಿದ್ರು, ಹಿಂಗ್..."

ನಾಲ್ಕು ಜನ ಕೋಟಿನವರು ಒಟ್ಟಿಗೆ ನುಗ್ಗಿ ಅವನ ಕೈಯನ್ನು ಅವನದೇ ಟವಲಿನಿಂದ ಮುಚ್ಚಿದರು.

"ತೋರಿಸ್ಬೇಡಿ, ದಮ್ಮಯ್ಯ," ಎಂದರು ವಕೀಲರು.

ಒಬ್ಬ ಹಿರಿಯ ಸದಸ್ಯರು ಮಾತ್ರ ಸಿಡಿದರು. ಇಷ್ಟು ವರ್ಷದ ಗುಟ್ಟನ್ನು ದನದ ಸಂತೆಯಲ್ಲಿ ಹಾಕಿ ಬಂದಿರಲ್ಲ ಎಂದು ಮಾಸ್ಟರಿಗೇ ಬೈದರು. ವೆಂಕಟೇಶಮೂರ್ತಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಖಲೀಮುಲ್ಲಾ ಆವುಲಪ್ಪನ ಹೆಗಲ ಮೇಲೆ ಕೈ ಹಾಕಿ, "ತಪ್ಪು ನಮ್ದೇ. ಆದ್ರೆ ಈಗ ಹತ್ತು ಜನಾನ ನೀನೇ ಆರಿಸು. ಮೊದಲ್ನೇ ಹೆಸ್ರು ನಿನ್ ಹೆಂಡ್ತೀದೇ ಇದೆ, ಅವ್ರಿಗೇನೂ ತೊಂದ್ರೆ ಇಲ್ಲ" ಎಂದರು.

ಆವುಲಪ್ಪ ಪಟ್ಟಿ ನೋಡಿದ. ಓದಲು ಬಾರದಿದ್ದರೂ ಮೊದಲ ಸಾಲು ಯಾರದೆಂದು ಗೊತ್ತಿತ್ತು. ಹತ್ತು ಜನರನ್ನು ಆರಿಸಿದರೆ ಓಬಳಮ್ಮನ ಕಣ್ಣು ಇವತ್ತೇ ಆಗುತ್ತದೆ. ಉಳಿದ ಇಪ್ಪತ್ತು ಜನರನ್ನು ಕೋನಪ್ಪನ ಲಾರಿಯಲ್ಲಿ ವಾಪಸು ಒಯ್ಯಬೇಕು. ಮುಂದಿನ ವಾರ ಅದೇ ಹಟ್ಟಿಗಳಿಗೆ ಹೋಗಿ ಟವಲು ಹಾಸಬೇಕು.

"ಕೈ ಹಿಂದಕ್ಕೆ ತಗಳೋದು ನನಗೆ ಬರಲ್ಲ ಸಾಹೇಬ್ರೇ," ಎಂದ. "ಕತ್ತಿ ಹಿಡಿಯೋರು ಯಾರು? ಅವ್ರ ಕೈ ಕೊಡ್ಸಿ."

ಡಾಕ್ಟರು ಮೂವತ್ತೈದು ದಾಟದ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ಗದ್ದಲ ಕೇಳಿ ಹೊರಗೆ ಬಂದವರು ಎದುರಿಗೆ ಚಾಚಿದ ಟವಲು ನೋಡಿ, "ಇದೇನು?" ಎಂದರು.

"ಯಾಪಾರ ಸಾಮಿ. ಒಂದು ಬೆರಳಿಗೆ ಒಂದು. ಗೆಣ್ಣು ಒತ್ತಿದ್ರೆ ಹತ್ತು. ಬಾಯಿ ಬಿಡೋಹಂಗಿಲ್ಲ."

ಡಾಕ್ಟರಿಗೆ ಅದೇನು ತೋಚಿತೋ, ಕೈ ಕೊಟ್ಟರು. ಕಣ್ಣಿದ್ದವರು ಕತ್ತು ಉದ್ದ ಮಾಡಿದರು, ಇಲ್ಲದವರು "ಏನಾಯ್ತು, ಎಷ್ಟಾಯ್ತು" ಎಂದು ಪಕ್ಕದವರನ್ನು ತಿವಿದರು. ಟವಲು ಏರಿತು, ಇಳಿಯಿತು. ಡಾಕ್ಟರು ಒಂದು ಬೆರಳು ಹಿಡಿದು ಗೆಣ್ಣು ಒತ್ತಿದರು. ಆವುಲಪ್ಪ ಆ ಕೈಯನ್ನು ಕೊಡವಿ ಮೂರು ಬೆರಳು ಹಿಡಿದು ಗೆಣ್ಣು ಒತ್ತಿದ. ಡಾಕ್ಟರು ತಲೆಯಾಡಿಸಿದರು. ಆವುಲಪ್ಪ ಬಿಡಲಿಲ್ಲ. ಹೀಗೆ ನಾಲ್ಕೈದು ಸಲ ಆಯಿತು. ಕೊನೆಗೆ ಡಾಕ್ಟರು ಟವಲಿನ ಕೆಳಗಿನಿಂದ ಕೈ ತೆಗೆದು ಸಂತೆಯ ನಿಯಮ ಮುರಿದು ಬಾಯಿ ಬಿಟ್ಟರು.

"ಇವತ್ತು ನಲವತ್ತೇ. ಅದಕ್ಕಿಂತ ಒಂದು ಜಾಸ್ತಿ ಮಾಡಿದ್ರೆ ನನ್ ಕೈ ನಡುಗತ್ತೆ. ನಾಳೆ ಮಧ್ಯಾಹ್ನದ ತನಕ ನಿಲ್ತೀನಿ. ಒಂದು ಗಂಟೆಗೆ ಕಾರು ಹತ್ಲೇಬೇಕು, ಮದರಾಸಿನ ರೈಲಿದೆ. ಅಷ್ಟರಲ್ಲಿ ಎಷ್ಟಾದ್ರೆ ಅಷ್ಟು. ಆದ್ರೆ ಇಪ್ಪತ್ತು ಜನ ಜಾಸ್ತಿ ಆದ್ರೆ ಮಲಗಿಸೋದು ಎಲ್ಲಿ? ಈ ಛತ್ರದಲ್ಲಿ ಜಾಗ ಇಲ್ಲ."

ಲಾಡ್ಜಿನವರು ಒಬ್ಬರ ಮುಖ ಒಬ್ಬರು ನೋಡಿದರು. ಆ ಸಂಜೆ ಅವರ ವರ್ಷದ ಭೋಜನಕೂಟ ಇತ್ತು, ಅರವತ್ತು ಎಲೆಗೆ ಅಡಿಗೆ ನಡೆದಿತ್ತು. ವೆಂಕಟೇಶಮೂರ್ತಿ ಜೇಬಿನಿಂದ ಬೀಗದ ಕೈ ತೆಗೆದರು. "ನಮ್ಮ ಹಾಲ್ ತೆಗೀತೀನಿ," ಎಂದರು. ಲಾಡ್ಜಿನ ಸಭೆ ನಡೆಯುವ, ಹೊರಗಿನವರು ಯಾರೂ ಕಾಲಿಡದ ಕೋಣೆ ಅದು. ಹಿರಿಯ ಸದಸ್ಯರು ಏನೋ ಹೇಳಲು ಬಾಯಿ ತೆರೆದರು. "ತಪ್ಪು ಕೈ ಕೊಟ್ಟೋನು ನಾನು ಬ್ರದರ್," ಎಂದರು ವಕೀಲರು, "ಹಾಸಿಗೆನೂ ನಾನೇ ಕೊಡ್ತೀನಿ." ಹಿರಿಯರು ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ಅವರೇ ಕೋಟು ಬಿಚ್ಚಿ ಒಳಗಿನ ಬೆಂಚುಗಳನ್ನು ಎತ್ತಿಸತೊಡಗಿದರು. ಕೂಟದ ಅಡಿಗೆ ಛತ್ರಕ್ಕೆ ಬಂತು. ಖಲೀಮುಲ್ಲಾರ ಕಾರ್ಖಾನೆಯಿಂದ ಚಾಪೆ, ಕಂಬಳಿ ಬಂದವು.

ಕೋನಪ್ಪ ಹಾಲ್‌ನ ಬಾಗಿಲಲ್ಲಿ ಇಣುಕಿ, "ರೂಮು ಗೀಮು ಇಲ್ಲ ಅಂದ್ರಂತೆ. ಸರಿಯಾದ್ ಲಾಡ್ಜೇ ಆಯ್ತಲ್ಲ ಸಾಹೇಬ್ರೇ" ಎಂದ.

ಇನ್ನು ಇವತ್ತು ಯಾರು, ನಾಳೆ ಯಾರು ಎಂಬುದು ಉಳಿದಿತ್ತು. ಆವುಲಪ್ಪ ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ನಿಂದು ನಾಳೆ. ಕೊನೇಗೆ" ಎಂದ. "ಯಾಪಾರ ಮಾಡ್ದೋನು ನಾನು. ನನ್ ಮನೇದೇ ಮೊದ್ಲು ಮಾಡ್ಸಿದ್ರೆ ಉಳ್ದೋರು ಏನಂತಾರೆ?"

"ಅಂದ್ರೆ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ."

"ಹೂಂ."

"ಹಸೂನೇ ಬೀಗಿತ್ತಿ ಆಗ್ಲಿ ಬಿಡು," ಎಂದು ಓಬಳಮ್ಮ ಅತ್ತ ತಿರುಗಿ ಕೂತಳು.

ಶನಿವಾರ ನಲವತ್ತು ಜನರದೂ ಆಯಿತು. ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು. ಒಬ್ಬೊಬ್ಬರು ಹೊರಗೆ ಬಂದಂತೆ ಅಂಗಳದಲ್ಲಿ ಕೂತವರು ಜೋರಾಗಿ ಎಣಿಸುತ್ತಿದ್ದರು. ಐದು, ಎಂಟು, ಹನ್ನೊಂದು. ಹದಿನಾರಾಗುವಾಗ ಹನ್ನೆರಡು ಗಂಟೆ. ಕಾರು ಬಾಗಿಲಿಗೆ ಬಂದು ನಿಂತಿತು. ಹತ್ತೊಂಬತ್ತನೆಯವಳಾಗಿ ಜಾನ್ ಬೀ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ಗಡಿಯಾರ ಒಂದಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಹಿಂದೆಯೇ ಡಾಕ್ಟರು ಬಂದರು. ಗ್ಲೌಸು ಬಿಚ್ಚುತ್ತಿದ್ದರು.

ಆವುಲಪ್ಪ ಎದ್ದ. ಟವಲು ಹೆಗಲ ಮೇಲೇ ಇತ್ತು. ಹತ್ತೊಂಬತ್ತು ಜನರಿಗಾಗಿ ಚಾಚಿದ ಕೈಯನ್ನು ತನ್ನ ಹೆಂಡತಿಗಾಗಿ ಚಾಚಲು ಅವನಿಂದ ಆಗಲಿಲ್ಲ.

ಓಬಳಮ್ಮ ಗೋಡೆ ಹಿಡಿದು ಎದ್ದಳು. ಡಾಕ್ಟರರ ದನಿ ಬಂದ ದಿಕ್ಕಿಗೆ ನಾಲ್ಕು ಹೆಜ್ಜೆ ಇಟ್ಟು, ತಡಕಾಡಿ ಅವರ ಮುಂಗೈ ಹಿಡಿದಳು. ಇನ್ನೊಂದು ಕೈಯಿಂದ ಸೆರಗು ಎಳೆದು ಅದರ ಮೇಲೆ ಮುಚ್ಚಿದಳು. ನಲವತ್ತು ವರ್ಷ ದಲ್ಲಾಳಿಯ ಹೆಂಡತಿಯಾಗಿದ್ದವಳು. ಕೆಳಗೆ ಏನು ನಡೆಯಿತೆಂದು ಯಾರಿಗೂ ಕಾಣಲಿಲ್ಲ. ಡಾಕ್ಟರರ ತುಟಿ ಮೊದಲು ಬಿಗಿಯಿತು, ಆಮೇಲೆ ಅಲುಗಿತು.

"ಒಂದೇ ಬೆರಳು ಹಿಡಿದಿದಾರೆ," ಎಂದರು ಆವುಲಪ್ಪನ ಕಡೆ ನೋಡಿ. "ಗೆಣ್ಣು ಒತ್ತಿಲ್ಲ."

"ಒಂದೇ ಸಾಮಿ," ಎಂದಳು ಓಬಳಮ್ಮ. "ಚೌಕಾಸಿ ಮಾಡಲ್ಲ."

ಡಾಕ್ಟರು ಡ್ರೈವರಿಗೆ ಕೈ ಮಾಡಿ ಇಂಜಿನ್ ಆರಿಸಲು ಹೇಳಿದರು. ಹೊಸ ಗ್ಲೌಸು ಕೇಳಿದರು. ಇನ್ನೊಂದು ದಾರಿಯಲ್ಲಿ ಯಲಹಂಕಕ್ಕೆ ಬೇಗ ತಲುಪಬಹುದೇ ಎಂದು ಲಾಡ್ಜಿನವರೆಲ್ಲ ಡ್ರೈವರಿನ ಸುತ್ತ ಸೇರಿ ವಾದಕ್ಕೆ ಬಿದ್ದರು. ಅಂಗಳದಲ್ಲಿ ಜಾನ್ ಬೀ ಪಟ್ಟಿ ಕಟ್ಟಿದ ಮುಖ ಮೇಲೆತ್ತಿ, "ಇಪ್ಪತ್ತು," ಎಂದು ಎಲ್ಲರಿಗಿಂತ ಮೊದಲು ಕೂಗಿದಳು. ಬಾಗಿಲು ಇನ್ನೂ ಮುಚ್ಚಿರಲಿಲ್ಲ.

ನಾಲ್ಕನೆಯ ದಿನ ಲಾಡ್ಜಿನ ಹಾಲ್‌ನಲ್ಲಿ ಕಣ್ಣಿನ ಪಟ್ಟಿ ಬಿಚ್ಚುವ ಕೆಲಸ. ಬೆಂಗಳೂರಿನಿಂದ ಬಂದಿದ್ದ ಸಹಾಯಕ ಡಾಕ್ಟರು ಸಾಲಿನಲ್ಲಿ ಒಬ್ಬೊಬ್ಬರನ್ನೇ ಮುಗಿಸಿಕೊಂಡು ಬಂದು ಓಬಳಮ್ಮನ ಚಾಪೆಯ ಬಳಿ ಕೂತರು. ಆವುಲಪ್ಪ ಗೋಡೆಗೊರಗಿದ. ಬಾಗಿಲಲ್ಲಿ ವೆಂಕಟೇಶಮೂರ್ತಿ ಹಾಲಿನ ಕ್ಯಾನು ಹಿಡಿದು ನಿಂತಿದ್ದರು. ಪಟ್ಟಿ ಸುರುಳಿ ಸುರುಳಿಯಾಗಿ ಬಿಚ್ಚಿತು. ಡಾಕ್ಟರು ದಪ್ಪ ಗಾಜಿನ ಕನ್ನಡಕವೊಂದನ್ನು ಅವಳ ಕಣ್ಣಿನ ಮುಂದೆ ಹಿಡಿದರು. ಓಬಳಮ್ಮ ಮೊದಲು ನೋಡಿದ್ದು ನೆಲವನ್ನು. ಕರಿ ಬಿಳಿ ಚೌಕದ ಕಲ್ಲು ಹಾಸಿದ ನೆಲ.

"ಇದೇನಯ್ಯ, ಇಷ್ಟ್ ದೊಡ್ಡ ಚೌಕಾಬಾರ?" ಎಂದಳು.

ವಕೀಲರು ಕ್ಯಾನನ್ನು ಕೆಳಗಿಟ್ಟರು.

"ಇಲ್ಲಿ ನೋಡಮ್ಮ," ಎಂದು ಡಾಕ್ಟರು ಕೈ ಎತ್ತಿ ಹಿಡಿದರು. "ಎಷ್ಟು ಬೆರಳು?"

ಓಬಳಮ್ಮ ಕತ್ತು ಮುಂದೆ ಚಾಚಿದಳು. ಬೆರಳುಗಳನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತ ವಕೀಲರನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಬೆರಳಿಗೆ ಬಂದಳು.

"ಮೂರು," ಎಂದಳು. "ಮೂವತ್ತಲ್ಲ. ಮೂರೇ."